ಒಂದು ಇಟ್ಟಿಗೆಯಷ್ಟು ಜಾಗ

ಫೆಬ್ರವರಿ ೪

ಮೇಸ್ತ್ರಿಗೆ,

ಹನ್ನೊಂದು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಒಳಗೆ ಒಂದು ನಮೂನೆ ಇದೆ, ಅದು ಹರಿದರೆ ನಾನು ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಫೋನು ಮಾಡಿದೆ, ಆರು ಸಲ. ಒಂದೇ ಸಲ ಕೂಗಿ ಸತ್ತುಹೋಗುತ್ತದೆ. "ಅಪ್ಪ, ಅವ್ರು ನಿನ್ನ ನಂಬರ್ ಬ್ಲಾಕ್ ಮಾಡಿದಾರೆ ಅಷ್ಟೇ" ಎಂದಳು ಮಗಳು. ಇರಲಿ, ಕಾಗದವನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಯಾರೂ ಕಂಡುಹಿಡಿದಿಲ್ಲ.

ವಿಷಯಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ನಮಗೆ ಪ್ರೆಸೀ ರೈಟಿಂಗ್ ಅಂತ ಒಂದಿತ್ತು, ಮೂರು ಪುಟವನ್ನು ಒಂದಕ್ಕೆ ಇಳಿಸಬೇಕು. ನಾನು ನಾಲ್ಕು ಮಾಡಿ ಕೊಡುತ್ತಿದ್ದೆ. ಆದರೂ ಪ್ರಯತ್ನಿಸುತ್ತೇನೆ.

ಮಗಳು ಬಿದ್ದಳು. ನೀನು ನೋಡಿದಾಗ ಎರಡು ಜಡೆ ಹಾಕಿಕೊಂಡು ನಿನ್ನ ರಸಮಟ್ಟ ಕದ್ದು ಆಡುತ್ತಿದ್ದವಳು, ಈಗ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಡಿಸೆಂಬರಿನಲ್ಲಿ ಲಿಫ್ಟ್ ಇಳಿಯುವ ಹೊಂಡದಲ್ಲಿ ಕಾಲು ಜಾರಿತು. ಸೊಂಟದ ಮೂಳೆಗೆ ಎರಡು ಆಪರೇಷನ್ ಆಗಿದೆ. ಬೇರೆ ಊರಿನ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿ ಕಸರತ್ತು ಮಾಡಿಸುತ್ತಿದ್ದಾರೆ. ಏಪ್ರಿಲ್ ಇಪ್ಪತ್ತಕ್ಕೆ ಮನೆಗೆ ಕಳಿಸುತ್ತಾರಂತೆ. ಮನೆಗೆ ಅಂದರೆ ಎಲ್ಲಿಗೆ? ನಮ್ಮದು ಮಹಡಿ ಮನೆ, ಹದಿನೇಳು ಮೆಟ್ಟಿಲು. ಊರಿಗೆಲ್ಲ ಲಿಫ್ಟ್ ಸರಿಮಾಡಿ ಕೊಟ್ಟವಳಿಗೆ ಸ್ವಂತ ಮನೆಗೆ ಹತ್ತಲು ದಾರಿಯಿಲ್ಲ. ಇದನ್ನು ಅವಳೇ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಕೆಳಗೆ ನನ್ನವಳ ಹೊಲಿಗೆ ಅಂಗಡಿ ಇದೆಯಲ್ಲ, ಅವಳು ಹೋದ ನಾಲ್ಕು ವರ್ಷದಿಂದ ಬೀಗ. ಅದನ್ನು ಮಗಳ ಕೋಣೆ ಮಾಡುತ್ತೇನೆ. ಬಚ್ಚಲು ಮಾತ್ರ ಇಲ್ಲ. ಮನೆಗೂ ನಮ್ಮಿಬ್ಬರ ನಡುವಿನ ಕಾಂಪೌಂಡಿಗೂ ಮಧ್ಯೆ ಐದಡಿ ಒಂಬತ್ತು ಇಂಚು ಜಾಗವಿದೆ. ಗಾಲಿಕುರ್ಚಿ ತಿರುಗಲು ಒಳಗೆ ಐದಡಿ ಬೇಕು, ಗೋಡೆಗೆ ಒಂದು ಇಟ್ಟಿಗೆ, ಒಂಬತ್ತು ಇಂಚು. ಹೇಳಿ ಮಾಡಿಸಿದ ಹಾಗಿದೆ! ಅಂಗಡಿಯ ಒಳಗೇ ಮಾಡಬಾರದೇ ಎಂದು ಕೇಳಬೇಡ, ಅಲ್ಲಿ ಮೇಜು ಇದೆ.

ನಾನು ಕಟ್ಟಡ ಅಳೆಯುತ್ತಿದ್ದ ಹಳೆಯ ಪುರಸಭೆ ಆಫೀಸಿನಲ್ಲಿ ಈಗ ಹೊಸದೊಂದು ಕಿಟಕಿ ತೆರೆದಿದ್ದಾರೆ. ಮೇಲೆ ದೊಡ್ಡ ಅಕ್ಷರದ ಬೋರ್ಡು: 'ಸರಳ ಕಟ್ಟಡಗಳಿಗೆ ತ್ವರಿತ ಮಂಜೂರಾತಿ, ಹದಿನೈದೇ ದಿನ'. ನಾನಿದ್ದ ಕಾಲದಲ್ಲಿ ಹದಿನೈದು ದಿನಕ್ಕೆ ಫೈಲಿಗೆ ದಾರ ಕಟ್ಟುತ್ತಿದ್ದೆವು, ನಿನಗೆ ಗೊತ್ತಲ್ಲ. ಮೂವತ್ತೊಂದು ವರ್ಷ ಆ ಕಿಟಕಿಯ ಒಳಗಿದ್ದವನು ಈಗ ಹೊರಗೆ ನಿಂತಿದ್ದೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕಿಟಕಿಯಲ್ಲಿ ಕೂತ ಹುಡುಗಿ ಚುರುಕು. ಗಡಿಗೆ ತಾಗಿಸಿ ಕಟ್ಟುವುದಾದರೆ ಪಕ್ಕದ ಮನೆಯವರ ಒಪ್ಪಿಗೆ ಬೇಕು, ಸಹಿ ಕಾಗದದ ಮೇಲೆ ಶಾಯಿಯಲ್ಲೇ ಇರಬೇಕು ಎಂದಳು. ಪಕ್ಕದ ಮನೆ ಎಂದರೆ ನಿನ್ನದು, ಬಾಡಿಗೆಗೆ ಕೊಟ್ಟು ಊರು ಬಿಟ್ಟಿದ್ದರೂ.

ಒಂದು ಸಹಿ. ಆಮೇಲೆ ಇನ್ನೊಂದು ಹನ್ನೊಂದು ವರ್ಷ ಮಾತಾಡದಿದ್ದರೂ ನಡೆಯುತ್ತದೆ. ನೆಸೆಸಿಟಿ ಈಸ್ ದ ಮದರ್ ಆಫ್... ಏನೋ ಒಂದರ ತಾಯಿ, ಮರೆತೆ.

ಇಂತಿ,
ಟೇಪಣ್ಣ
(ಆ ಹೆಸರಿಟ್ಟವನು ನೀನೇ, ಆದ್ದರಿಂದ ಹಾಗೇ ಸಹಿ ಮಾಡಿದ್ದೇನೆ)


ಫೆಬ್ರವರಿ ೧೯

ಮೇಸ್ತ್ರಿಗೆ,

ಹದಿನೈದು ದಿನವಾಯಿತು. ತ್ವರಿತ ಎಂದರೆ ಹದಿನೈದು ದಿನ, ಆದರೆ ಅರ್ಜಿ ಒಳಗೆ ಹೋದ ಮೇಲೆ ತಾನೇ ಎಣಿಕೆ ಶುರು? ನನ್ನ ಎಣಿಕೆ ಇನ್ನೂ ಸೊನ್ನೆಯಲ್ಲಿದೆ. ಅಂಚೆಯವನು ನನ್ನನ್ನು ಕಂಡರೆ ಈಗ ಸೈಕಲ್ಲಿನ ಮೇಲಿಂದಲೇ ತಲೆಯಾಡಿಸಿ ಹೋಗುತ್ತಾನೆ, ಇಳಿಯುವುದೂ ಇಲ್ಲ.

ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ದಿನಕ್ಕೆ ಎಂಟು ಸಲ ಕೆಳಗಿಳಿದು ಅಂಗಡಿಯ ಬೀಗ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿ ಬರುತ್ತೇನೆ. ಹದಿನೇಳು ಮೆಟ್ಟಿಲಿನಲ್ಲಿ ಆರನೆಯದು ಉಳಿದವಕ್ಕಿಂತ ಕಾಲಿಂಚು ಎತ್ತರ. ಮೂವತ್ತು ವರ್ಷ ಗೊತ್ತೇ ಆಗಿರಲಿಲ್ಲ. ನೀನು ಕಟ್ಟಿದ್ದು! ಹೇಳಿದೆನಷ್ಟೇ, ಜಗಳಕ್ಕಲ್ಲ.

ಮಗಳು ದಿನಾ ಫೋನು ಮಾಡುತ್ತಾಳೆ. "ಬಚ್ಚಲು ಎಲ್ಲಿಗೆ ಬಂತಪ್ಪ?" "ಪ್ರಾಸೆಸ್‌ನಲ್ಲಿದೆ" ಎನ್ನುತ್ತೇನೆ. "ನೀನು ಆಫೀಸಲ್ಲಿದ್ದಾಗ ಎಲ್ಲರಿಗೂ ಹೇಳ್ತಿದ್ದ ಸುಳ್ಳು ನಂಗೂ ಹೇಳ್ತಿದೀಯಾ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಅವಳನ್ನು ಬಚ್ಚಲಿಗೆ ಇಬ್ಬರು ಎತ್ತಿಕೊಂಡು ಹೋಗುತ್ತಾರೆ ಮೇಸ್ತ್ರಿ. ಅವಳು ಅದನ್ನು ಹೇಳಲಿಲ್ಲ, ಹೋದಾಗ ನಾನೇ ನೋಡಿದೆ. ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಮನೆಗೆ ಬಂದರೆ ಎತ್ತುವವನು ನಾನೊಬ್ಬ, ಅರವತ್ತಾರು ವರ್ಷದವನು. ಅವಳಿಗೆ ಬೇಕಾಗಿರುವುದು ತಾನೇ ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು.

ನಿನ್ನ ಕೋಪ ನನ್ನ ಮೇಲೆ. ಅವಳ ಮೇಲಲ್ಲವಲ್ಲ.

ಇಂತಿ,
ಟೇಪಣ್ಣ


ಫೆಬ್ರವರಿ ೨೬

ಸಾಹೇಬರಿಗೆ ನಮಸ್ಕಾರಗಳು.

ತಮ್ಮ ಎರಡೂ ಕಾಗದಗಳು ತಲುಪಿವೆ. ಮಗುವಿನ ವಿಷಯ ತಿಳಿದು ಬೇಸರವಾಯಿತು.

ನಮೂನೆಯನ್ನು ಪೂರ್ತಿ ಓದಿದೆ. ಐದನೆಯ ಕಲಮಿನಲ್ಲಿ ನಿವೇಶನದ ಗಡಿಕಲ್ಲುಗಳ ಫೋಟೋ ಅಂಟಿಸಬೇಕೆಂದಿದೆ. ತಾವು ಅಂಟಿಸಿಲ್ಲ. ಕಲ್ಲು ಹುಡುಕಿ ಫೋಟೋ ತೆಗೆದು ಕಳಿಸಿರಿ, ಆಮೇಲೆ ಸಹಿಯ ಮಾತು. ಅಪೂರ್ಣ ಅರ್ಜಿಯನ್ನು ತೆಗೆದುಕೊಳ್ಳಬಾರದೆಂದು ನನಗೆ ಹೇಳಿಕೊಟ್ಟವರು ತಾವೇ.

ಆರನೇ ಮೆಟ್ಟಿಲು ಎತ್ತರವಿಲ್ಲ. ಐದನೆಯದು ಸವೆದಿದೆ. ಅತ್ತಿಗೆ ಅದರ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದರು.

ಇಂತಿ ತಮ್ಮ,
ಮೇಸ್ತ್ರಿ


ಮಾರ್ಚ್ ೯

ಮೇಸ್ತ್ರಿಗೆ,

ನಿನ್ನ 'ಸಾಹೇಬರಿಗೆ' ಓದಿ ಮೈ ಉರಿಯಿತು. ಕಲ್ಲು ಬೇಕಾ, ಕಲ್ಲು? ತೋರಿಸುತ್ತೇನೆ ಎಂದು ಗುದ್ದಲಿ ಹಿಡಿದು ಹೊರಟೆ.

ಮುಂದಿನ ಮೂಲೆಯ ಕಲ್ಲು ದಾಳಿಂಬೆ ಗಿಡದ ಬುಡದಲ್ಲಿರಬೇಕು. ಗಿಡ ಒಣಗಿ ಆರು ವರ್ಷವಾಯಿತು, ಮೋಟು ಮಣ್ಣಲ್ಲಿ ಮುಚ್ಚಿಹೋಗಿದೆ. ಗೋಡೆಗೆ ತಾಗಿದಂತೆ ಅಗೆದೆ. ಇಲ್ಲ. ಎರಡು ದಿನ ಅಗೆದೆ. ನಿನ್ನ ಬಾಡಿಗೆಯವರು ತಾರಸಿಯಲ್ಲಿ ಮಹಡಿಗೆಂದು ಬಿಟ್ಟ ತುಕ್ಕು ಹಿಡಿದ ಕಂಬಿಗಳಿಗೆ ಬಟ್ಟೆ ಒಣಹಾಕುತ್ತಾ, "ಏನ್ ಸಾರ್, ನಿಧೀನಾ?" ಎಂದು ಕೇಳಿದರು. ಆ ಕಂಬಿಗಳು ಇನ್ನೂ ಹಾಗೇ ನಿಂತಿವೆ ಮೇಸ್ತ್ರಿ. ನಾನು ದಿನಾ ನೋಡುತ್ತೇನೆ, ನೋಡದ ಹಾಗಿರುತ್ತೇನೆ.

ಮೂರನೇ ದಿನ ಬೇರಿನ ನಡುವೆ ಗುದ್ದಲಿ ಠಣ್ ಎಂದಿತು. ತಲೆಯ ಮೇಲೆ ಕೂಡಿಸುವ ಗುರುತು ಕೆತ್ತಿದ ಗಡಿಕಲ್ಲು. ಗೋಡೆಯ ಬುಡದಲ್ಲಲ್ಲ, ಗೋಡೆಯಿಂದ ನನ್ನ ಕಡೆಗೆ, ದೂರದಲ್ಲಿ. ಟೇಪು ಹಿಡಿದೆ. ಒಂಬತ್ತು ಇಂಚು. ಹಿಂದಿನ ಮೂಲೆಗೆ ಓಡಿದೆ, ಬಟ್ಟೆ ಒಗೆಯುವ ಚಪ್ಪಡಿ ಎತ್ತಿದೆ, ಅಲ್ಲಿಯೂ ಅಷ್ಟೇ. ಗೋಡೆ ಗಡಿಯ ಮೇಲಿಲ್ಲ. ಇಡೀ ಗೋಡೆ ನಿನ್ನ ಜಾಗದೊಳಗೆ ನಿಂತಿದೆ.

ಮೊದಲು ಏನನ್ನಿಸಿತು ಗೊತ್ತೇ? ಮೇಸ್ತ್ರಿ ತಪ್ಪು ಕಟ್ಟಿದ್ದಾನೆ, ಸಿಕ್ಕಿಬಿದ್ದ ಎಂದು ಖುಷಿಯಾಯಿತು. ಕೈ ತೊಳೆದುಕೊಂಡು ಚಹಾ ಮಾಡಿಕೊಂಡೆ. ಲೋಟ ಬಾಯಿಗಿಡುವಾಗ ಲೆಕ್ಕ ತಲೆಗೆ ಬಂತು.

ಹನ್ನೊಂದು ವರ್ಷದ ಕೆಳಗೆ ನಿನ್ನ ಮೇಲ್ಮಹಡಿಯ ಅರ್ಜಿ ನನ್ನ ಮೇಜಿಗೇ ಬಂದಿತ್ತು. ಮನೆಗೂ ಗಡಿಗೂ ನಡುವೆ ಮೂರಡಿ ಬಿಡಬೇಕು. ನಾನು ಬಂದು ಅಳೆದೆ. ಎರಡಡಿ ಮೂರು ಇಂಚು ಸಿಕ್ಕಿತು. ಒಂಬತ್ತು ಇಂಚು ಕಡಿಮೆ, ನಾಮಂಜೂರು ಎಂದು ಬರೆದೆ. ನೆರೆಯವನೆಂದು ಬಿಡಲಿಲ್ಲ, ಭಲೇ ಎಂದು ಆಫೀಸಿನಲ್ಲಿ ಬೆನ್ನು ತಟ್ಟಿದರು. ನಾನು ಅಳೆದದ್ದು ಎಲ್ಲಿಂದ? ಗೋಡೆಯಿಂದ. ಕಲ್ಲು ಹುಡುಕಲಿಲ್ಲ. ಊರಿನವರಿಗೆಲ್ಲ 'ಕಲ್ಲು ತೋರಿಸಿ, ಕಲ್ಲು' ಎಂದು ಗದರುತ್ತಿದ್ದವನು ನನ್ನದೇ ಗೋಡೆ ತಾನೇ ಎಂದು ಅದರ ನನ್ನ ಕಡೆಯ ಅಂಚಿಗೇ ಟೇಪಿನ ಕೊಕ್ಕೆ ಸಿಕ್ಕಿಸಿದೆ.

ಎರಡಡಿ ಮೂರು ಇಂಚಿಗೆ ಒಂಬತ್ತು ಇಂಚು ಕೂಡಿಸು.

ನಾನು ನಾಲ್ಕು ಸಲ ಕೂಡಿಸಿದೆ. ಕಾಗದದ ಮೇಲೂ ಮಾಡಿದೆ.

ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನೆದುರು ನಿಂತು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ಯಾಕೆ ಬಾಯಿ ಬಿಡಲಿಲ್ಲ? ಅದಕ್ಕೂ ಮೊದಲು, ಗೋಡೆ ಅಲ್ಲಿಗೆ ಹೋದದ್ದಾದರೂ ಹೇಗೆ?

ಇನ್ನು ಬರೆಯಲಾರೆ.

ಟೇಪಣ್ಣ


ಮಾರ್ಚ್ ೧೬

ಸಾಹೇಬರಿಗೆ,

ಕೇಳಿದ್ದೀರಿ, ಹೇಳುತ್ತೇನೆ.

ಗೋಡೆ ಕಟ್ಟುವ ವಾರ ತಾವು ತರಬೇತಿಗೆ ಹೋಗಿದ್ದಿರಿ. ನಾನು ಕಲ್ಲಿನಿಂದ ಕಲ್ಲಿಗೆ ದಾರ ಕಟ್ಟಿದೆ. ದಾರ ದಾಳಿಂಬೆ ಗಿಡದ ಬುಡದ ಮೇಲೇ ಹಾದುಹೋಯಿತು. ಗಿಡ ಕಡಿಯಬೇಕೆಂದೆ. ಅತ್ತಿಗೆ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಹೊರಗೆ ಬಂದರು. "ಮೊದಲ ಸಲ ಹೂ ಬಿಟ್ಟಿದೆ ಕಣಪ್ಪ. ಗಿಡದ ಹತ್ರ ಒಂಚೂರು ಬಾಗಿಸಿ ಕಟ್ಟೋಕಾಗಲ್ವಾ?" ಎಂದರು.

ಬಾಗಿಸಿ ಕಟ್ಟುವುದು ನನ್ನ ಕೈಗೆ ಬರುವುದಿಲ್ಲ. ಸೊಟ್ಟ ಗೋಡೆ ನೋಡಿದವರು ಗಿಡವನ್ನು ನೋಡುವುದಿಲ್ಲ, ಕಟ್ಟಿದವನು ಯಾರೆಂದು ಕೇಳುತ್ತಾರೆ. "ಅತ್ತಿಗೆ, ಸೊಟ್ಟ ಮಾತ್ರ ಕಟ್ಟಲ್ಲ. ಬೇಕಾದ್ರೆ ಇಡೀ ಗೋಡೇನೇ ಒಂದಿಟ್ಟಿಗೆ ಆಚೆ ತಗೊಳ್ತೀನಿ, ಜಾಗ ನಂದೇ ತಾನೆ" ಎಂದೆ. ದಾರ ಬಿಚ್ಚಿ ನನ್ನ ಜಾಗದಲ್ಲಿ ಕಟ್ಟಿದೆ. ಆಗ ಮೇಲ್ಮಹಡಿಯ ಯೋಚನೆ ಯಾರಿಗಿತ್ತು?

ತಾವು ಅಳೆಯಲು ಬಂದ ದಿನ ತಮಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಮನೆಯವರಿಗೆ ಅತ್ತಿಗೆ ಹೇಳಿರುವುದಿಲ್ಲವೇ? ಗೊತ್ತಿದ್ದೂ ಗೋಡೆಯಿಂದ ಅಳೆಯುತ್ತಿದ್ದಾರೆ, ಹಾಗಾದರೆ ಅವರಿಗೆ ಕೊಡುವ ಮನಸ್ಸಿಲ್ಲ ಎಂದುಕೊಂಡೆ. ಮನಸ್ಸಿಲ್ಲದವರ ಹತ್ತಿರ ನನ್ನ ಒಂಬತ್ತು ಇಂಚು ಕೇಳಬಾರದು ಎಂದು ಸುಮ್ಮನಾದೆ. ನನ್ನ ತಮ್ಮನಿಗೆಂದು ಎಬ್ಬಿಸಹೊರಟ ಮಹಡಿ. ಅವನು ಎರಡು ವರ್ಷ ಕಾದು ಬೇರೆ ಹೋದ. ಆಮೇಲೆ ನನಗೂ ಆ ಮನೆಯಲ್ಲಿ ಇರಬೇಕೆನಿಸಲಿಲ್ಲ.

ತಮಗೆ ಗೊತ್ತಿರಲಿಲ್ಲ ಎಂಬುದು ಈಗ ಗೊತ್ತಾಯಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ, ಜೊತೆಗಿದೆ. ಗೋಡೆಯವರೆಗೂ ಕಟ್ಟಿಕೊಳ್ಳಿ. ಮಗುವಿನ ಬಾಗಿಲಿಗೆ ಚಿಲಕ ಮೂರಡಿ ಎತ್ತರದಲ್ಲಿ ಹಾಕಿಸಿ. ಕೂತವರ ಕೈಗೆ ಸಿಗಬೇಕು.

ಇಂತಿ,
ಮೇಸ್ತ್ರಿ


ಮಾರ್ಚ್ ೨೪

ಮೇಸ್ತ್ರಿಗೆ,

ನಿನ್ನ ಸಹಿ ಹಿಡಿದುಕೊಂಡು ಬೆಳಿಗ್ಗೆ ಹತ್ತಕ್ಕೇ ಕಿಟಕಿಯ ಮುಂದೆ ನಿಂತೆ. ಹುಡುಗಿ ಕಂಪ್ಯೂಟರಿನಲ್ಲಿ ಒಂದೊಂದೇ ಪ್ರಶ್ನೆ ಓದಿದಳು. ಒಟ್ಟು ಏಳು, ಎಲ್ಲಕ್ಕೂ ಹೌದು ಅಥವಾ ಇಲ್ಲ. ಒಂದೇ ಅಂತಸ್ತೇ? ಹೌದು. ಪಕ್ಕದವರ ಒಪ್ಪಿಗೆ? ಹೌದು. ಆರನೆಯದು: "ಕಾಂಪೌಂಡ್ ಗೋಡೆ ಗಡಿಕಲ್ಲಿನ ಗೆರೆ ಮೇಲೇ ಇದೆಯಾ ಸರ್?"

ನಾನು ಕಿಟಕಿಯ ಕಟ್ಟೆಯ ಮೇಲೆ ಒಂದು ಗೇಣು ಅಳೆದೆ.

"ಸರ್? ಹೌದು ಅನ್ಲಾ?"

"ಇದೆ... ಅಂದ್ರೆ ಹತ್ರದಲ್ಲೇ ಇದೆ ಕಣಮ್ಮ. ಆಲ್ಮೋಸ್ಟ್."

"ಹತ್ರ ಅಂತ ಆಪ್ಷನ್ ಇಲ್ಲ ಸರ್. ಹೌದು, ಇಲ್ಲ, ಎರಡೇ. ಇಲ್ಲ ಅಂದ್ರೆ ಇದು ಸರಳ ಕಟ್ಟಡ ಆಗಲ್ಲ, ಮಾಮೂಲಿ ಸಾಲಿಗೆ ಹೋಗುತ್ತೆ. ಸರ್ವೆಯವ್ರು ಬರ್ಬೇಕು, ಆರೇಳು ತಿಂಗಳು."

ಹಿಂದಿನವನು ಗೊಣಗಿದ, "ಹೌದು ಅನ್ನಿ ಯಜಮಾನ್ರೆ, ಯಾರ್ ಬಂದ್ ನೋಡ್ತಾರೆ?" ನಿಜ, ಯಾರು ಬಂದು ನೋಡುತ್ತಾರೆ? ನೋಡಲು ಹೋಗುತ್ತಿದ್ದವನು ನಾನು, ನಾನೇ ನೋಡಿರಲಿಲ್ಲ. ಹೌದು ಎಂದಿದ್ದರೆ ಇವತ್ತಿನಿಂದ ಹದಿನೈದು ದಿನ, ಏಪ್ರಿಲ್ ಎಂಟಕ್ಕೆ ಕೈಗೆ ಕಾಗದ. ಆದರೆ ಹಾಗೆಂದರೆ ನಿನ್ನ ಒಂಬತ್ತು ಇಂಚನ್ನು ಎರಡನೇ ಸಲ ತೆಗೆದುಕೊಂಡ ಹಾಗೆ, ಈ ಸಲ ಗೊತ್ತಿದ್ದೂ. ಕಲ್ಲಿನಿಂದ ಅಳೆದು ನನ್ನ ಜಾಗದಲ್ಲೇ ಕಟ್ಟಿದರೆ ಒಳಗೆ ಉಳಿಯುವುದು ನಾಲ್ಕಡಿ ಮೂರು ಇಂಚು, ಕುರ್ಚಿ ತಿರುಗುವುದಿಲ್ಲ.

ಹುಡುಗಿ ಕಾಯುತ್ತಿದ್ದಳು. "ಅಮ್ಮಾ, ನಾಳೆ ಬರ್ತೀನಿ" ಎಂದು ಕಾಗದ ವಾಪಸು ತೆಗೆದುಕೊಂಡೆ. ನಾಳೆ ಬನ್ನಿ ಎಂದು ಮೂವತ್ತೊಂದು ವರ್ಷ ಇತರರಿಗೆ ಹೇಳಿದವನು, ಇವತ್ತು ನನಗೆ ನಾನೇ ಹೇಳಿಕೊಂಡೆ.

ಇನ್ನೊಂದು ಮಾತಿದೆ. ಇದನ್ನು ಬರೆಯುವುದಕ್ಕೆ ಆರು ಹಾಳೆ ಹರಿದಿದ್ದೇನೆ.

ನಿನ್ನ ಅರ್ಜಿ ತಿರಸ್ಕರಿಸಿದ ದಿನ ಸಂಜೆ ನಾನು ಊಟಕ್ಕೆ ಕೂತಿದ್ದೆ. ನನ್ನವಳು ಬಡಿಸುತ್ತಾ, "ರೀ, ಆ ಗೋಡೆ ವಿಷ್ಯ ನಿಮ್ಗೊಂದು ಹೇಳ್ಬೇಕಿತ್ತು" ಎಂದಳು. ನಾನು ಕೈ ಎತ್ತಿದೆ, ಟ್ರಾಫಿಕ್ ಪೊಲೀಸನ ಹಾಗೆ. "ಆಫೀಸಿನ ಮಾತು ಮನೇಲಿ ಬೇಡ. ಮೇಸ್ತ್ರಿ ಶಿಫಾರಸಿಗೆ ನಿನ್ನ ಹಿಡ್ಕೊಂಡಿದಾನಾ?" ಎಂದೆ. ಅವಳು ಸೌಟು ಪಾತ್ರೆಯಲ್ಲಿಟ್ಟು ಕೆಳಗೆ ಅಂಗಡಿಗೆ ಹೋದಳು. ಆಮೇಲೆ ಏಳು ವರ್ಷ ಬದುಕಿದಳು. ಗೋಡೆಯ ವಿಷಯ ಮತ್ತೆ ಎತ್ತಲಿಲ್ಲ. ಆ ಗಿಡದ ಹಣ್ಣನ್ನು ಮಾತ್ರ ಅವಳು ಆ ವರ್ಷದಿಂದ ತಿನ್ನಲಿಲ್ಲ, ಬೀದಿಯ ಮಕ್ಕಳಿಗೆ ಹಂಚುತ್ತಿದ್ದಳು. ಹಲ್ಲು ನೋವೆಂದು ತಿಳಿದಿದ್ದೆ.

ಅವಳನ್ನು ಕಳಿಸಿಕೊಡುವ ದಿನ ನೀನು ಗೇಟಿನ ಹತ್ತಿರ ಬಂದು ನಿಂತು ಹಾಗೇ ಹೋದೆ. ನೋಡಿದ್ದೆ. ಕರೆಯಬೇಕಿತ್ತು.

ಇನ್ನು ಇಪ್ಪತ್ತೇಳು ದಿನ. ಏನು ಮಾಡಲಿ ಹೇಳು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಬೇಡ.

ಟೇಪಣ್ಣ


ಮಾರ್ಚ್ ೩೦

ಟೇಪಣ್ಣ,

ನಿನ್ನ ಬುದ್ಧಿಯೆಲ್ಲ ಗೋಡೆಯ ಹೊರಗೇ ಓಡಾಡುತ್ತಿದೆ. ಒಳಗೆ ಬಾ.

ಅಂಗಡಿ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಕಟ್ಟಿದವನಿಗೆ ಗೊತ್ತಿಲ್ಲವೇ? ಹಿಂಬದಿಯಲ್ಲಿ ಆರಡಿ ಬಿಟ್ಟು ಒಂದು ಅಡ್ಡಗೋಡೆ ಎಬ್ಬಿಸಿದರೆ ಕುರ್ಚಿ ತಿರುಗುವ ಬಚ್ಚಲಾಗುತ್ತದೆ. ಚರಂಡಿಯ ಪೈಪು ಆ ಗೋಡೆಯ ಹೊರಗೇ ಹೋಗುತ್ತದೆ. ಇರುವ ನಾಲ್ಕು ಗೋಡೆಯ ಒಳಗಿನ ಕೆಲಸಕ್ಕೆ ಯಾರ ಮಂಜೂರಾತಿಯೂ ಬೇಡ. ಈ ನಿಯಮ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಓದಿದ್ದು ಏಳನೇ ಕ್ಲಾಸು.

ಗೊತ್ತಿದ್ದೂ ನೀನು ಹೊರಗೆ ಜಾಗ ಹುಡುಕಿದ್ದು ಯಾಕೆಂದು ನಿನ್ನ ಮೊದಲ ಕಾಗದದಲ್ಲೇ ಇದೆ. 'ಅಲ್ಲಿ ಮೇಜು ಇದೆ' ಎಂದು ಬರೆದಿದ್ದೀಯ. ಅತ್ತಿಗೆಯ ಬಟ್ಟೆ ಕತ್ತರಿಸುವ ಮೇಜು. ಬಡಗಿ ಅದನ್ನು ಒಳಗೇ ಕೂತು ಮಾಡಿದ, ಬಾಗಿಲಲ್ಲಿ ಹೊರಗೆ ಬರುವುದಿಲ್ಲ. ಹಿಂಬದಿ ಖಾಲಿಯಾಗಬೇಕಾದರೆ ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿಯೇ ತೆಗೆಯಬೇಕು.

ಹೇಳಬಾರದಿತ್ತೇನೋ. ಆದರೆ ಮಗು ಬರುತ್ತಿದೆ.

ನನ್ನ ಹಳೆಯ ಜೊತೆಗಾರ ಗಾರೆಯವನು ಗುರುವಾರ ಬರುತ್ತಾನೆ. ಕೆಲಸದಲ್ಲಿ ಗಟ್ಟಿ, ಕಿವಿ ಮಂದ. ಅವನ ಹತ್ತಿರ ಇಂಗ್ಲಿಷ್ ಉದುರಿಸಬೇಡ.

ಮೇಸ್ತ್ರಿ


ಏಪ್ರಿಲ್ ೨೩

ಮೇಸ್ತ್ರಿ,

ಬಂದಳು. ಹೇಳಿದ ದಿನಕ್ಕೇ ಬಂದಳು. ಬಚ್ಚಲಿನ ನೆಲ ಹಿಂದಿನ ದಿನವಷ್ಟೇ ಒಣಗಿತ್ತು.

ಗಾರೆಯವನು ಗರಗಸದವನನ್ನೂ ಕರೆತಂದಿದ್ದ. ಮೇಜಿನ ಮೇಲೆ ಗೆರೆ ಹಾಕಿ, "ಹಿಡ್ಕೊಳ್ಳಿ ಯಜಮಾನ್ರೆ" ಎಂದ. ಹಿಡಿದುಕೊಂಡೆ. ಗರಗಸ ತಾಗಿದ ಕೂಡಲೇ ಬಿಟ್ಟು ಬೀದಿಗೆ ಹೋದೆ. ಬಸ್ ನಿಲ್ದಾಣದವರೆಗೆ ನಡೆದೆ, ಅಲ್ಲಿಂದ ಆಫೀಸಿನವರೆಗೆ, ಯಾಕೆಂದು ಗೊತ್ತಿಲ್ಲ. ವಾಪಸು ಬರುವಾಗ ಮುಗಿದಿತ್ತು. ಬಿರುಕಿನಲ್ಲಿ ಸಿಕ್ಕಿದ್ದ ಗುಂಡುಸೂಜಿಗಳನ್ನೆಲ್ಲ ಗಾರೆಯವನು ಒಂದು ಮುಚ್ಚಳದಲ್ಲಿ ಒಟ್ಟುಮಾಡಿ ಇಟ್ಟಿದ್ದ. ನಲವತ್ತೊಂದು.

ಮಗಳು ಕುರ್ಚಿ ಉರುಳಿಸಿಕೊಂಡು ನೇರ ಹಿಂದಕ್ಕೆ ಹೋದಳು, ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು. ಬಹಳ ಹೊತ್ತು ಹೊರಗೆ ಬರಲಿಲ್ಲ. "ಏನಾಯ್ತೇ?" ಎಂದು ಕೂಗಿದೆ. "ಏನಿಲ್ಲಪ್ಪ, ಸುಮ್ನೆ ಕೂತಿದೀನಿ. ನಾಲ್ಕ್ ತಿಂಗ್ಳಾಯ್ತು ಒಬ್ಳೇ ಕೂತು" ಎಂದಳು. ಚಿಲಕ ಮೂರಡಿಗೇ ಇದೆ.

ಸರಿ, ಈಗ ಈ ಲಕೋಟೆಯಲ್ಲಿ ಏನಿದೆ ನೋಡು. ಮೊದಲನೆಯದು ನಿನ್ನ ಒಪ್ಪಿಗೆ ಪತ್ರ, ವಾಪಸು. ಎರಡನೆಯದು ಹೊಸ ಅರ್ಜಿ, ನಿನ್ನ ಹೆಸರಿನಲ್ಲಿ. ನಿನ್ನ ಮೇಲ್ಮಹಡಿಯದ್ದು. ನಕ್ಷೆ ನಾನೇ ಬರೆದಿದ್ದೇನೆ, ಕೈ ಇನ್ನೂ ನಡುಗುವುದಿಲ್ಲ. ಅಳತೆ ಕಲ್ಲಿನಿಂದ ಹಾಕಿದ್ದೇನೆ: ಮೂರಡಿ, ಸೊನ್ನೆ ಇಂಚು. ಮೂರನೆಯದು ಪಕ್ಕದವನಾಗಿ ನನ್ನ ಹೇಳಿಕೆ. ಗೋಡೆ ತಪ್ಪು ಜಾಗದಲ್ಲಿದೆ, ಅದನ್ನು ತೆಗೆಯಲು ಒಪ್ಪಿದ್ದೇನೆ, ಹಿಂದಿನ ಅಳತೆ ಮಾಡಿದವನು ನಾನು, ಅದು ತಪ್ಪಾಗಿತ್ತು ಎಂದು ಬರೆದು ಸಹಿ ಹಾಕಿದ್ದೇನೆ.

ಇದನ್ನು ಕಿಟಕಿಯ ಹುಡುಗಿಗೆ ತೋರಿಸಿದೆ. ಎರಡು ಸಲ ಓದಿದಳು. "ಸರ್, ಇಬ್ರೂ ಕಲ್ಲಿನ ಗೆರೇನ ಒಪ್ಪಿ, ಗೋಡೆ ತೆಗೀತೀವಿ ಅಂತ ಬರ್ಕೊಟ್ರೆ ಆರನೇದಕ್ಕೆ ಹೌದು ಹಾಕ್ಬೋದು. ಆದ್ರೆ ತಪ್ಪು ನಂದು ಅಂತ ಇದ್ರಲ್ಲಿ ಬರೀಲೇಬೇಕು ಅಂತೇನಿಲ್ಲ. ಅದಕ್ಕೆ ಕಾಲಂ ಇಲ್ಲ" ಎಂದಳು. "ಕಾಲಂ ಇಲ್ದೇ ಇದ್ರೆ ಅಂಚಲ್ಲಿ ಇರ್ಲಿ ಬಿಡಮ್ಮ" ಎಂದೆ.

ನಿನ್ನ ಸಹಿ ಬೇಕು. ಒಂದೇ ಸಹಿ. ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಟೇಪಣ್ಣ


ಮೇ ೧೪

ಮೇಸ್ತ್ರಿ,

ಅರ್ಜಿಗೆ ಸಹಿ ಹಾಕಿ ಕಳಿಸಿದೆ, ಜೊತೆಗೆ ಒಂದು ಸಾಲೂ ಬರೆಯಲಿಲ್ಲ. ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಇರಲಿ, ನಾನು ಬರೆದದ್ದೇ ಇಬ್ಬರಿಗೂ ಸಾಕು.

ಏಪ್ರಿಲ್ ಮೂವತ್ತಕ್ಕೆ ಅರ್ಜಿ ಒಳಗೆ ಹೋಯಿತು. ಆ ಮೇಲೆ ದಿನಾ ಹೋಗಿ ಕಿಟಕಿಯ ಎದುರಿನ ಬೆಂಚಿನಲ್ಲಿ ಕೂತೆ. ಎಂಟನೇ ದಿನ ಹುಡುಗಿ, "ಸರ್, ನೀವು ಹೀಗ್ ಎದುರಿಗ್ ಕೂತ್ರೆ ನಂಗೆ ಟೈಪೇ ತಪ್ಪುತ್ತೆ. ಮನೇಗ್ ಹೋಗಿ, ಮೆಸೇಜ್ ಬರುತ್ತೆ" ಎಂದಳು. ಮನೆಯಲ್ಲೂ ಕೂರಲಾಗಲಿಲ್ಲ. ಹದಿನಾಲ್ಕನೇ ದಿನ, ಇವತ್ತು, ಹನ್ನೊಂದು ಗಂಟೆಗೆ ಬಂತು. ಮಂಜೂರು. ಜೊತೆಗಿಟ್ಟಿದ್ದೇನೆ. ಹನ್ನೊಂದು ವರ್ಷ ಮತ್ತು ಹದಿನಾಲ್ಕು ದಿನ ಹಿಡಿಯಿತು ನಿನ್ನ ಸರಳ ಕಟ್ಟಡಕ್ಕೆ. ಬೆಟರ್ ಲೇಟ್ ದ್ಯಾನ್... ಇದರ ಕೊನೆ ನೆನಪಿದೆ, ಆದರೆ ಬರೆಯಲು ನಾಚಿಕೆ.

ಮೇಜಿನ ಎರಡು ಸೀಳುಗಳನ್ನು ಎಸೆಯಲಿಲ್ಲ. ಮಗಳು ಅವನ್ನು ಮುಂಭಾಗದಲ್ಲಿ ಎದುರುಬದುರಾಗಿ ಇರಿಸಿ, ನಡುವೆ ಎರಡಡಿ ಓಣಿ ಬಿಡಿಸಿದಳು. ಆಸ್ಪತ್ರೆಯಲ್ಲಿ ಕಬ್ಬಿಣದ ಕಂಬಿ ಹಿಡಿದು ನಡೆಸುತ್ತಿದ್ದರಂತೆ, ಇದೂ ಅದೇ ಎತ್ತರವಂತೆ. ಒಂದೊಂದು ಕೈಗೆ ಒಂದೊಂದು ಅಂಚು ಹಿಡಿದು ಏಳುತ್ತಾಳೆ. ಅಂಚಿನ ಮೇಲೆ ಅವಳಮ್ಮ ಬಣ್ಣದಲ್ಲಿ ಬರೆದ ಇಂಚುಗಳಿವೆಯಲ್ಲ, ಅವನ್ನೇ ಎಣಿಸುತ್ತಾ ನಡೆಯುತ್ತಾಳೆ. ಮೊದಲ ದಿನ ಏಳು, ನಿನ್ನೆ ಇಪ್ಪತ್ತು.

ನಿನ್ನೆ ಥಟ್ಟನೆ ನಿಂತು, "ಅಪ್ಪ, ಅಮ್ಮನ ಸ್ಕೇಲಲ್ಲಿ ಹದಿನಾಲ್ಕು ಆದ್ಮೇಲೆ ಹದಿನಾರು ಬಂದಿದೆ. ಹದಿನೈದು ಬರೆಯೋಕೇ ಮರ್ತಿದಾಳೆ!" ಎಂದಳು. ಹೋಗಿ ಬಗ್ಗಿ ನೋಡಿದೆ. ಹೌದು. ಇಪ್ಪತ್ತೈದು ವರ್ಷ ಊರಿನವರ ಬಟ್ಟೆಯೆಲ್ಲ ಆ ಮೇಜಿನ ಮೇಲೆ ಅಳೆದಳು. ಒಬ್ಬರ ಅಂಗಿಯೂ ತಪ್ಪಲಿಲ್ಲ. ಇಲ್ಲದ ಇಂಚು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ಬಿಟ್ಟು ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲೇ ಇದ್ದ ಅಳತೆಗಾರನಿಗೆ ಅದು ನಿನ್ನೆಯವರೆಗೆ ಕಾಣಲಿಲ್ಲ.

ಬರುತ್ತೀಯಾ? ನೀನು ಬಾರದೆಯೂ ಕೆಲಸ ಮಾಡಿಸಬಹುದು, ಗಾರೆಯವನಿದ್ದಾನೆ. ನಾನು ಕೇಳುತ್ತಿರುವುದು ಕೆಲಸವನ್ನಲ್ಲ.

ಟೇಪಣ್ಣ


ಮೇ ೧೮

ಟೇಪಣ್ಣ,

ಮಂಜೂರಾತಿ ತಲುಪಿತು. ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ, ಅಂಚಿನಲ್ಲಿ ನೀನು ಬರೆದದ್ದನ್ನೂ. ಅಂಚಿನದ್ದನ್ನು ಅವನು ಎರಡು ಸಲ ಓದಿಸಿಕೊಂಡ. ಆಮೇಲೆ "ಮೇಲಿನ ಕೋಣೆಗೆ ಕಿಟಕಿ ಯಾವ ಕಡೆ?" ಎಂದು ಕೇಳಿದ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಂಬಿಗಳ ಮೇಲಿನ ಬಟ್ಟೆ ತೆಗೆಯಲು ಬಾಡಿಗೆಯವರಿಗೆ ಹೇಳು. ಗೋಡೆ ಕೆಡವಲು ಯಾರನ್ನೂ ಕರೆಯಬೇಡ, ಕಟ್ಟಿದವನೇ ಕೆಡವುತ್ತೇನೆ. ಮೆಲ್ಲಗೆ ತೆಗೆದರೆ ಇಟ್ಟಿಗೆ ಒಡೆಯುವುದಿಲ್ಲ, ಮೇಲಿನ ಕೋಣೆಗೆ ಬರುತ್ತವೆ.

ಮೆಟ್ಟಿಲೂ ನೋಡುತ್ತೇನೆ. ಐದನೆಯದನ್ನು ಮುಟ್ಟುವುದಿಲ್ಲ.

ನಾನು ಬರುವಷ್ಟರಲ್ಲಿ ದಾರ ಕಟ್ಟಿ ಇಟ್ಟಿರು. ಕಲ್ಲಿನಿಂದ ಅಳೆ.

ಮೇಸ್ತ್ರಿ